ಮಠದ ಜರತಾರಿಯನ್ನು ಪ್ರಶ್ನಿಸಿದ ಕುಂದರನಾಡಿನ ಕಂದ

ಬೆಳಗಾವಿ ಜಿಲ್ಲೆಯ ಘಟಪ್ರಭಾ ತೀರ ಮಠಗಳ ನಾಡು. ಹುಕ್ಕೇರಿಯ ಹಿರೇಮಠ, ಅದೇ ತಾಲೂಕಿನ ನಿಡಸೋಸಿಯ ದುರದುಂಡೀಶ್ವರ ಮಠ, ಈಚಿನ ವರ್ಷಗಳಲ್ಲಿ ಗೋಕಾಕದಿಂದ ಬೇರ್ಪಟ್ಟು ಪ್ರತ್ಯೇಕ ತಾಲೂಕಾದ ಮೂಡಲಗಿಯ ಶಿವಬೋಧರಂಗ ಮಠ, ಗೋಕಾಕ ಸೀಮೆಯ ಸಾವಳಗಿ ಮತ್ತು ಅಂಕಲಗಿಯ ಮಠಗಳು ಹೀಗೆ ಹತ್ತಾರು ಹೆಸರುಗಳನ್ನು ಹೇಳಬಹುದು. ಜಾತ್ರೆ, ದಾಸೋಹ, ಪುರಾಣ ಪ್ರವಚನಗಳಿಲ್ಲದೆ ಇಲ್ಲಿ ವರ್ಷ ಕಳೆಯುವುದಿಲ್ಲ. ಇಂಥ ನೆಲದಲ್ಲಿ ಹುಟ್ಟಿ, ಇದೇ ಭಕ್ತಜನರ ನಡುವೆ ಬೆಳೆದು, ಮಠಾಧಿಪತಿಗಳ ವೈಭವವನ್ನೂ ಕಪಟವನ್ನೂ ಕಾದಂಬರಿಯ ವಸ್ತುವಾಗಿಸಿದವರು ಬಸವರಾಜ ಕಟ್ಟೀಮನಿ.

ದೇವರನ್ನು ನಂಬುವವರಿಗೂ ನಂಬದವರಿಗೂ ನಡುವಿನ ಜಗಳ ಹೊಸದೇನಲ್ಲ. ಆದರೆ ಈ ಜಗಳದಲ್ಲಿ ಬಹುಸಲ ಒಂದು ಗೊಂದಲ ಉಂಟಾಗುತ್ತದೆ. ಪೀಠವನ್ನು ಪ್ರಶ್ನಿಸಿದವನು ಭಕ್ತನ ಮನೆಯ ದೇವರ ಜಗಲಿಗೇ ಕೈಹಾಕಿದನೆಂದು ಭಕ್ತನಿಗೆ ತೋರುತ್ತದೆ. ಪೀಠಕ್ಕೆ ನಮಿಸುವವರೆಲ್ಲ ಮೂಢರೆಂದು ವಿಚಾರವಾದಿ ತಿಳಿಯುತ್ತಾನೆ. ಕಟ್ಟೀಮನಿಯವರ ಬದುಕು ಮತ್ತು ಬರಹ ಈ ಎರಡರ ನಡುವಣ ಗೆರೆಯನ್ನು ಗುರುತಿಸಲು ನೆರವಾಗುತ್ತವೆ.

ಮಲಾಮರಡಿಯ ಬಾಲಕ

ಕಟ್ಟೀಮನಿಯವರು ಜನಿಸಿದ್ದು 1919ರ ಅಕ್ಟೋಬರ್ 5ರಂದು, ಗೋಕಾಕ ತಾಲೂಕಿನ ಮಲಾಮರಡಿಯಲ್ಲಿ. ಗುಡ್ಡ, ಮರಡಿ, ಜೋಳದ ಹೊಲಗಳ ಈ ಪ್ರದೇಶಕ್ಕೆ ಕುಂದರನಾಡು ಎಂಬ ಹೆಸರಿದೆ. ಮುಂದೆ ತಮ್ಮ ಆತ್ಮಕಥೆಗೆ ಅವರು ಇಟ್ಟ ಹೆಸರು ‘ಕುಂದರನಾಡಿನ ಕಂದ’. ತಂದೆ ಪೊಲೀಸ್ ಇಲಾಖೆಯಲ್ಲಿದ್ದವರು. ಬ್ರಿಟಿಷ್ ಸರ್ಕಾರದ ಸಂಬಳ ಉಣ್ಣುವ ಮನೆಯ ಹುಡುಗ ಅದೇ ಸರ್ಕಾರದ ಸೆರೆಮನೆ ಸೇರಿದ್ದು ಆ ಕಾಲದ ಅನೇಕ ಮನೆಗಳಲ್ಲಿ ಕಂಡ ವಿಪರ್ಯಾಸ.

ಆ ದಿನಗಳಲ್ಲಿ ಬೆಳಗಾವಿ ಜಿಲ್ಲೆ ರಾಷ್ಟ್ರೀಯ ಚಳವಳಿಯ ಕಾವಿನಲ್ಲಿತ್ತು. 1924ರಲ್ಲಿ ಗಾಂಧೀಜಿ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ಬೆಳಗಾವಿಯಲ್ಲಿ ನಡೆದಿತ್ತು. 1937ರ ಏಪ್ರಿಲ್‌ನಲ್ಲಿ ಗಾಂಧಿ ಸೇವಾ ಸಂಘದ ಸಮಾವೇಶಕ್ಕಾಗಿ ಗಾಂಧೀಜಿ ಹುದಲಿಗೆ ಬಂದು ತಂಗಿದ್ದರು. ಗಂಗಾಧರರಾವ ದೇಶಪಾಂಡೆಯವರು ಖಾದಿ ಕೇಂದ್ರವನ್ನಾಗಿ ಬೆಳೆಸಿದ್ದ ಆ ಊರು ಕುಂದರನಾಡಿಗೆ ದೂರವಲ್ಲ. ಕಟ್ಟೀಮನಿಯವರಿಗೆ ಆಗ 17 ವರ್ಷ.

ಗಾಂಧೀಜಿ ಪರಮ ಆಸ್ತಿಕರು. ಆದರೂ 1931ರ ಹೊತ್ತಿಗೆ ಅವರು ದೇವರೇ ಸತ್ಯ ಎಂಬ ತಮ್ಮ ಹಳೆಯ ನಿಲುವನ್ನು ಬದಲಿಸಿ, ಸತ್ಯವೇ ದೇವರು ಎಂಬಲ್ಲಿಗೆ ಬಂದಿದ್ದರು. ದೇವರನ್ನು ಒಪ್ಪದವನೂ ಸತ್ಯವನ್ನು ಒಪ್ಪಬಲ್ಲನೆಂಬ ವಿಚಾರ ಇದರ ಹಿಂದಿತ್ತು. ಆಂಧ್ರದ ನಾಸ್ತಿಕ ಚಿಂತಕ ಗೋರಾ 1944ರಲ್ಲಿ ಸೇವಾಗ್ರಾಮಕ್ಕೆ ಹೋದಾಗ ಗಾಂಧೀಜಿ ಅವರೊಡನೆ ದೀರ್ಘವಾಗಿ ಚರ್ಚಿಸಿದರು, ಹೊರಗೆ ಕಳಿಸಲಿಲ್ಲ. ಸ್ವಾತಂತ್ರ್ಯ ಹೋರಾಟದ ಅಂಗಳದಲ್ಲಿ ನಂಬುವವರೂ ನಂಬದವರೂ ಒಟ್ಟಿಗೆ ನಿಲ್ಲಲು ಸ್ಥಳವಿತ್ತು. ಕಟ್ಟೀಮನಿಯವರ ಪೀಳಿಗೆ ಬೆಳೆದದ್ದು ಆ ಅಂಗಳದಲ್ಲಿ.

ಸೆರೆಮನೆಯಿಂದ ಸುದ್ದಿಮನೆಗೆ

1942ರ ಚಲೇಜಾವ್ ಚಳವಳಿಯಲ್ಲಿ ಪಾಲ್ಗೊಂಡ ಕಟ್ಟೀಮನಿಯವರು ಬೆಳಗಾವಿಯ ಹಿಂಡಲಗಾ ಸೆರೆಮನೆಯನ್ನು ಕಂಡರು. ಅಂದಿನ ಭೂಗತ ಹೋರಾಟ, ಹಳ್ಳಿಗಳ ಜನರು ತೋರಿದ ಧೈರ್ಯ, ಅವರು ತೆತ್ತ ಬೆಲೆ ಇವೆಲ್ಲವೂ ‘ಮಾಡಿ ಮಡಿದವರು’ ಕಾದಂಬರಿಗೆ ವಸ್ತುವಾದವು. 1974ರಲ್ಲಿ ಕೆ.ಎಂ. ಶಂಕರಪ್ಪ ಅದನ್ನು ಚಲನಚಿತ್ರವಾಗಿಸಿದರು.

ಹೊಟ್ಟೆಪಾಡಿಗೆ ಅವರು ಹಿಡಿದದ್ದು ಪತ್ರಿಕಾ ವೃತ್ತಿ. ‘ಸಂಯುಕ್ತ ಕರ್ನಾಟಕ’ ಸೇರಿದಂತೆ ಉತ್ತರ ಕರ್ನಾಟಕದ ಪತ್ರಿಕೆಗಳಲ್ಲಿ ದುಡಿದರು. ಪತ್ರಿಕಾ ಕಚೇರಿಯ ದುಡಿಮೆಗಾರರ ಬವಣೆಯನ್ನು ಕುರಿತ ‘ಜ್ವಾಲಾಮುಖಿಯ ಮೇಲೆ’ ಕಾದಂಬರಿ ಆ ಅನುಭವದ ಫಲ. ಇದಕ್ಕೆ 1968ರಲ್ಲಿ ಸೋವಿಯತ್ ಲ್ಯಾಂಡ್ ನೆಹರೂ ಪ್ರಶಸ್ತಿ ಸಂದಿತು. ‘ಕಾರವಾನ್’, ‘ಜೋಳದ ಬೆಳೆಯ ನಡುವೆ’ ಮುಂತಾದ ಕಥಾಸಂಕಲನಗಳೂ ‘ಮಣ್ಣು ಮತ್ತು ಹೆಣ್ಣು’, ‘ಖಾನಾವಳಿಯ ನೀಲಾ’ ಮೊದಲಾದ ಕಾದಂಬರಿಗಳೂ ಅವರನ್ನು ರಾಜ್ಯದಾದ್ಯಂತ ಮನೆಮಾತಾಗಿಸಿದವು.

1936ರಲ್ಲಿ ಲಖನೌದಲ್ಲಿ ಪ್ರೇಮಚಂದರ ಅಧ್ಯಕ್ಷತೆಯಲ್ಲಿ ಆರಂಭವಾದ ಪ್ರಗತಿಶೀಲ ಲೇಖಕರ ಚಳವಳಿ 1940ರ ದಶಕದಲ್ಲಿ ಕನ್ನಡಕ್ಕೂ ಹಬ್ಬಿತು. ಅ.ನ. ಕೃಷ್ಣರಾಯರು ಇದರ ಮುಂದಾಳು. ತ.ರಾ.ಸು., ನಿರಂಜನ, ಚದುರಂಗ ಮತ್ತು ಕಟ್ಟೀಮನಿ ಇದರ ಪ್ರಮುಖ ಲೇಖಕರು. ಪ್ರಗತಿಶೀಲರೆಂದರೆ ನಾಸ್ತಿಕರು, ಧರ್ಮದ್ವೇಷಿಗಳು ಎಂಬ ಮಾತು ಅಂದು ಸಾಮಾನ್ಯವಾಗಿತ್ತು. ವಾಸ್ತವ ಅಷ್ಟು ಸರಳವಾಗಿರಲಿಲ್ಲ. ನಿರಂಜನರು ಮಾರ್ಕ್ಸ್‌ವಾದಿ. ಅ.ನ.ಕೃ. ಅವರಾದರೋ ಸ್ವಾಮಿ ವಿವೇಕಾನಂದರ ಬಗೆಗೂ ವೀರಶೈವ ಸಾಹಿತ್ಯದ ಬಗೆಗೂ ಗೌರವದಿಂದ ಬರೆದವರು. ಒಂದೇ ಚಳವಳಿಯಲ್ಲಿ ಎರಡೂ ಬಗೆಯ ಮನಸ್ಸುಗಳಿದ್ದವು. ಅವರನ್ನು ಒಂದುಗೂಡಿಸಿದ್ದು ಬಡವನ ಬೆನ್ನ ಮೇಲೆ ಕುಳಿತಿರುವವರು ಯಾರು ಎಂಬ ಪ್ರಶ್ನೆ.

ಜರತಾರಿ ಜಗದ್ಗುರು

ಆ ಪ್ರಶ್ನೆಯನ್ನು ಕಟ್ಟೀಮನಿಯವರು ಮಠದ ಬಾಗಿಲಿಗೂ ಒಯ್ದರು. ‘ಮೋಹದ ಬಲೆಯಲ್ಲಿ’ ಮತ್ತು ‘ಜರತಾರಿ ಜಗದ್ಗುರು’ ಧಾರ್ಮಿಕ ಸಂಸ್ಥೆಗಳ ಒಳಗಿನ ಭ್ರಷ್ಟತೆಯನ್ನು ಬಯಲಿಗೆಳೆದ ಕಾದಂಬರಿಗಳು. ಎರಡನೆಯದರ ಶೀರ್ಷಿಕೆಯೇ ಒಂದು ಟೀಕೆ. ಜರತಾರಿ ಎಂದರೆ ಚಿನ್ನದ ಎಳೆಯ ನೇಯ್ಗೆ. ಜಗತ್ತಿಗೆ ಗುರುವಾದವನಿಗೆ ವೈರಾಗ್ಯ ಭೂಷಣವಾಗಬೇಕಿತ್ತು, ಜರತಾರಿ ಭೂಷಣವಾಯಿತು.

ಈ ಟೀಕೆ ಏಕೆ ಅಷ್ಟು ನೋಯಿಸಿತೆಂಬುದನ್ನು ತಿಳಿಯಲು ಆ ಕಾಲದ ಹಿನ್ನೆಲೆಯನ್ನು ನೋಡಬೇಕು. ಉತ್ತರ ಕರ್ನಾಟಕದಲ್ಲಿ ಮಠವೆಂಬುದು ಪೂಜೆಯ ಸ್ಥಳವಷ್ಟೇ ಆಗಿರಲಿಲ್ಲ. ಹಸಿದವನಿಗೆ ದಾಸೋಹದ ಅನ್ನ, ಓದುವ ಬಡ ಹುಡುಗನಿಗೆ ಉಚಿತ ಪ್ರಸಾದ ನಿಲಯ, ಊರ ಜಗಳಕ್ಕೆ ತೀರ್ಪು ಎಲ್ಲವೂ ಅಲ್ಲಿ ದೊರೆಯುತ್ತಿದ್ದವು. ಬೆಳಗಾವಿಯಲ್ಲಿ ನಾಗನೂರು ಶಿವಬಸವ ಸ್ವಾಮಿಗಳು ನಡೆಸಿದ ಪ್ರಸಾದ ನಿಲಯದಲ್ಲಿ ಉಂಡು ಓದಿ ಬದುಕು ಕಟ್ಟಿಕೊಂಡ ರೈತರ ಮಕ್ಕಳು ಅಸಂಖ್ಯ. ಹೀಗೆ ಋಣಿಯಾದ ಭಕ್ತನಿಗೆ ಮಠದ ನಿಂದೆ ಎಂದರೆ ಅನ್ನದ ನಿಂದೆ.

ಇದೇ ಸಮಾಜದ ಇನ್ನೊಂದು ಬದಿಯಲ್ಲಿ ಭೂಮಿ, ಕಾಣಿಕೆ, ಕಿರೀಟ, ಅಡ್ಡಪಲ್ಲಕ್ಕಿಗಳ ಲೋಕವಿತ್ತು. ಗುರುವನ್ನು ಹೊತ್ತು ಮೆರೆಸುವ ಅಡ್ಡಪಲ್ಲಕ್ಕಿಯ ಬಗ್ಗೆ ಲಿಂಗಾಯತ ಸಮಾಜದ ಒಳಗೇ ಭಿನ್ನಾಭಿಪ್ರಾಯ ಮೊದಲಿನಿಂದಲೂ ಇತ್ತು. ಅದಕ್ಕೆ ಬಲ ತುಂಬಿದ್ದು ವಚನಗಳ ಮುದ್ರಣ. ವಿಜಯಪುರದ ಫ.ಗು. ಹಳಕಟ್ಟಿಯವರು ತಾಳೆಗರಿಗಳಲ್ಲಿದ್ದ ವಚನಗಳನ್ನು ಹುಡುಕಿ ತೆಗೆದು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು. ಅದುವರೆಗೆ ಮಠದ ಮೂಲಕ ಮಾತ್ರ ಬಸವಣ್ಣನನ್ನು ಬಲ್ಲವರಾಗಿದ್ದ ಜನಕ್ಕೆ ಹನ್ನೆರಡನೆಯ ಶತಮಾನದ ಮಾತು ನೇರವಾಗಿ ಕೈಸೇರಿತು. ಕಾಯಕವನ್ನೂ ಸರಳತೆಯನ್ನೂ ಎತ್ತಿಹಿಡಿದ, ಡಂಭಾಚಾರವನ್ನು ಜರಿದ ಶರಣರ ಮಾತು ಎದುರಿಗಿರುವಾಗ ಇಂದಿನ ಪೀಠಗಳನ್ನು ಅಳೆಯಲು ಒಂದು ಅಳತೆಗೋಲು ಸಿಕ್ಕಂತಾಯಿತು.

ಕಟ್ಟೀಮನಿಯವರ ಕಾದಂಬರಿಗಳನ್ನು ಈ ಬೆಳಕಿನಲ್ಲಿ ಓದಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ದೇವರಿದ್ದಾನೋ ಇಲ್ಲವೋ ಎಂಬ ತರ್ಕ ಅವುಗಳ ಕೇಂದ್ರದಲ್ಲಿಲ್ಲ. ದೇವರ ಹೆಸರಿನಲ್ಲಿ ಕೂಡಿದ ಸಂಪತ್ತು ಮತ್ತು ಅಧಿಕಾರ ಯಾರ ಕೈಯಲ್ಲಿದೆ, ಅದಕ್ಕೆ ಬಲಿಯಾಗುವವರು ಯಾರು ಎಂಬುದೇ ಅವರ ಕಾಳಜಿ. ಗುಡಿಯ ಮುಂದೆ ಕೈಮುಗಿಯುವ ಬಡ ಹೆಂಗಸಿನ ಮೇಲೆ ಅವರಿಗೆ ಕೋಪವಿರಲಿಲ್ಲ. ಅವಳ ಮುಗಿದ ಕೈಯಿಂದ ಕಾಣಿಕೆ ಕಸಿದು ಜರತಾರಿ ಉಡುವವರ ಮೇಲಿತ್ತು.

ಆದರೆ ಮಠಾಭಿಮಾನಿಗಳಲ್ಲಿ ಅನೇಕರು ಹಾಗೆ ಓದಲಿಲ್ಲ. ಕೃತಿಗಳು ಅವರ ಅಸಮಾಧಾನಕ್ಕೆ ಗುರಿಯಾದವು. ಅವರ ನೋವನ್ನೂ ಸುಳ್ಳೆಂದು ತಳ್ಳುವಂತಿಲ್ಲ. ಒಬ್ಬ ಕಪಟಿಯ ಕಥೆ ಹೇಳಿದಾಗ, ಪ್ರಾಮಾಣಿಕ ಸ್ವಾಮಿಗಳ ಪಾದ ಮುಟ್ಟಿ ಬೆಳೆದವನಿಗೆ ತನ್ನ ಗುರುವಿನ ಮೇಲೂ ಮಸಿ ಬಿದ್ದಂತೆನಿಸುವುದು ಸಹಜ. ವಿಮರ್ಶಕರಲ್ಲಿಯೂ ಕೆಲವರು ಪ್ರಗತಿಶೀಲರ ಬರಹದಲ್ಲಿ ಕಲೆಗಿಂತ ಆವೇಶ ಹೆಚ್ಚೆಂದು ಆಕ್ಷೇಪಿಸಿದ್ದುಂಟು. ಈ ಆಕ್ಷೇಪದಲ್ಲಿ ಹುರುಳಿದೆ. ಕಟ್ಟೀಮನಿಯವರ ಕಾದಂಬರಿಗಳಲ್ಲಿ ಕೆಟ್ಟವರು ಸಂಪೂರ್ಣ ಕೆಟ್ಟವರಾಗಿಯೇ ಕಾಣುವ ಸಂದರ್ಭಗಳಿವೆ. ಅನುಮಾನ, ಪಶ್ಚಾತ್ತಾಪಗಳಿಗೆ ಅಲ್ಲಿ ಎಡೆ ಕಡಿಮೆ.

ಬೆಳಗಾವಿಯ ಸನ್ಮಾನ

ಇಷ್ಟಾಗಿಯೂ ನಾಡು ಅವರನ್ನು ದೂರವಿಡಲಿಲ್ಲ. ಅವರು ವಿಧಾನ ಪರಿಷತ್ತಿನ ಸದಸ್ಯರಾಗಿದ್ದರು. 1980ರಲ್ಲಿ ಬೆಳಗಾವಿಯಲ್ಲಿ ನಡೆದ 52ನೆಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಅವರಿಗೆ ಒಲಿಯಿತು. ಗಡಿ ವಿವಾದದ ನೆರಳಿನಲ್ಲಿದ್ದ ನಗರದಲ್ಲಿ, ಮಠಗಳೇ ಕನ್ನಡದ ಬೆನ್ನೆಲುಬಾಗಿದ್ದ ಜಿಲ್ಲೆಯಲ್ಲಿ, ಮಠಗಳ ಕಟು ಟೀಕಾಕಾರನೊಬ್ಬನಿಗೆ ಈ ಗೌರವ ದೊರೆತದ್ದು ಗಮನಾರ್ಹ. ಓದುಗರು ಅವರ ಸಿಟ್ಟಿನ ಹಿಂದಿದ್ದ ಪ್ರೀತಿಯನ್ನು ಗುರುತಿಸಿದ್ದರೆಂದೇ ಹೇಳಬೇಕು.

1989ರ ಅಕ್ಟೋಬರ್ 23ರಂದು ಕಟ್ಟೀಮನಿಯವರು ನಿಧನರಾದರು. ಅದೇ ವರ್ಷ ಧಾರವಾಡದಲ್ಲಿ ಇನ್ನೊಂದು ಪ್ರಕರಣ ನಡೆದಿತ್ತು. ಸಂಶೋಧಕ ಎಂ.ಎಂ. ಕಲಬುರ್ಗಿಯವರ ‘ಮಾರ್ಗ-1’ ಗ್ರಂಥದಲ್ಲಿದ್ದ ಲೇಖನಗಳು ಶರಣರ ಕುರಿತು ಭಕ್ತರ ಭಾವನೆಗೆ ಧಕ್ಕೆ ತಂದಿವೆಯೆಂಬ ಆಕ್ರೋಶ ಎದ್ದು, ಒತ್ತಡಕ್ಕೆ ಮಣಿದು ಅವರು ತಮ್ಮ ಅಭಿಪ್ರಾಯಗಳನ್ನು ಹಿಂತೆಗೆದುಕೊಳ್ಳಬೇಕಾಯಿತು. ಕಲಬುರ್ಗಿಯವರು ವಚನ ಸಾಹಿತ್ಯಕ್ಕೆ ಬದುಕನ್ನೇ ಮುಡಿಪಿಟ್ಟವರು. ದೇವರ ವಿರೋಧಿಯೆಂದು ಸುಲಭವಾಗಿ ಕರೆಯಿಸಿಕೊಳ್ಳುವವರಲ್ಲ. 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯಲ್ಲಿಯೇ ಅವರನ್ನು ಗುಂಡಿಕ್ಕಿ ಕೊಲ್ಲಲಾಯಿತು. ಅದೇ ವರ್ಷದ ಫೆಬ್ರುವರಿಯಲ್ಲಿ, ಹುಕ್ಕೇರಿಗೆ ಸಮೀಪದ ಕೊಲ್ಹಾಪುರದಲ್ಲಿ, ಗೋವಿಂದ ಪಾನ್ಸರೆಯವರು ಗುಂಡಿಗೆ ಬಲಿಯಾಗಿದ್ದರು. ಕಟ್ಟೀಮನಿಯವರ ಕಾಲದಲ್ಲಿ ಕೋಪಕ್ಕೆ ಪ್ರತಿಯಾಗಿ ಕೋಪದ ಮಾತಿತ್ತು. ನಂತರದ ಕಾಲ ಮಾತಿನ ಮೇರೆಯನ್ನು ಮೀರಿತು.

ಎಲ್ಲಿದೆ ಗೆರೆ?

ನಂಬಿಕೆಯ ಸ್ವಾತಂತ್ರ್ಯವನ್ನೂ ಟೀಕೆಯ ಸ್ವಾತಂತ್ರ್ಯವನ್ನೂ ಕಾಯುವ ಹೊಣೆ ನಮ್ಮ ಸಂವಿಧಾನದ್ದು. 25ನೆಯ ವಿಧಿ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನು ಕೊಡುತ್ತದೆ. ಅದರ ರಕ್ಷಣೆ ನಂಬುವವನಿಗೆ ಇರುವಷ್ಟೇ ನಂಬದವನಿಗೂ ಉಂಟು. ಕರ್ನಾಟಕದಲ್ಲಿ 2017ರಲ್ಲಿ ಅಂಗೀಕಾರವಾಗಿ 2020ರ ಜನವರಿಯಲ್ಲಿ ಜಾರಿಗೆ ಬಂದ ಮೂಢನಂಬಿಕೆ ವಿರೋಧಿ ಕಾಯ್ದೆಯೂ ಈ ಸೂಕ್ಷ್ಮವನ್ನು ಗಮನಿಸಿದೆ. ಪೂಜೆ, ಪ್ರದಕ್ಷಿಣೆ, ಯಾತ್ರೆ, ಭಜನೆ, ಪ್ರವಚನಗಳನ್ನು ಅದು ಮುಟ್ಟುವುದಿಲ್ಲ. ಮಾಟಮಂತ್ರದ ಹೆಸರಿನ ಹಿಂಸೆಯನ್ನೂ ಅಮಾನವೀಯ ಆಚರಣೆಗಳನ್ನೂ ಮಾತ್ರ ಅಪರಾಧವೆನ್ನುತ್ತದೆ. ಭಕ್ತಿಗೂ ಶೋಷಣೆಗೂ ನಡುವೆ ಕಟ್ಟೀಮನಿಯವರು ಕಾದಂಬರಿಯಲ್ಲಿ ಹುಡುಕಿದ ಗೆರೆಯನ್ನು ಕಾಯ್ದೆ ತನ್ನ ಭಾಷೆಯಲ್ಲಿ ಎಳೆಯಲು ಯತ್ನಿಸಿದೆ.

ಮಠಗಳೂ ನಿಂತಲ್ಲೇ ನಿಂತಿಲ್ಲ. 2018ರಲ್ಲಿ ಲಿಂಗೈಕ್ಯರಾದ ಗದಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳಂಥವರು ವಿಚಾರವಂತರಿಗೂ ಪುಸ್ತಕಗಳಿಗೂ ಮಠದ ಬಾಗಿಲು ತೆರೆದರು. ಬೆಳಗಾವಿಯ ಸದಾಶಿವನಗರ ಸ್ಮಶಾನದಲ್ಲಿ ಡಿಸೆಂಬರ್ 6ರಂದು, ಅಂಬೇಡ್ಕರ್ ಪರಿನಿರ್ವಾಣದ ದಿನ, ಯಮಕನಮರಡಿ ಕ್ಷೇತ್ರದ ಸತೀಶ ಜಾರಕಿಹೊಳಿ ಅವರು ನಡೆಸಿದ ಮೂಢನಂಬಿಕೆ ವಿರೋಧಿ ಸಮಾವೇಶಗಳು ಈ ಚರ್ಚೆಯನ್ನು ಪುಸ್ತಕದಿಂದ ಬಯಲಿಗೆ ತಂದಿವೆ. ಅದನ್ನು ಮೆಚ್ಚುವವರೂ ಒಪ್ಪದವರೂ ಒಂದೇ ಊರಿನಲ್ಲಿ, ಎಷ್ಟೋ ಸಲ ಒಂದೇ ಮನೆಯಲ್ಲಿ, ಕೂಡಿ ಬಾಳುತ್ತಿದ್ದಾರೆ.

ಕಟ್ಟೀಮನಿಯವರ ಹೆಸರಿನಲ್ಲಿ ಸರ್ಕಾರ ಬೆಳಗಾವಿಯಲ್ಲಿ ಪ್ರತಿಷ್ಠಾನವೊಂದನ್ನು ಸ್ಥಾಪಿಸಿದೆ. ಅವರಿಗೆ ಸಲ್ಲಬೇಕಾದ ನಿಜವಾದ ಗೌರವ ಅವರನ್ನು ಮತ್ತೆ ಓದುವುದರಲ್ಲಿದೆ. ಭಕ್ತನು ಓದಿದರೆ ತನ್ನ ನಂಬಿಕೆಯನ್ನು ಕಳೆದುಕೊಳ್ಳಬೇಕಾಗಿಲ್ಲ. ಅದರ ಹೆಸರಿನಲ್ಲಿ ಏನೇನು ನಡೆಯುತ್ತಿದೆಯೆಂದು ಕಣ್ತೆರೆದು ನೋಡಿದರೆ ಸಾಕು. ನಾಸ್ತಿಕನು ಓದಿದರೆ ಗುಡಿಯ ಮುಂದೆ ನಿಂತವರನ್ನು ಹೀಗಳೆಯಬೇಕಾಗಿಲ್ಲ. ಅವರ ಬಡತನವನ್ನೂ ಭರವಸೆಯನ್ನೂ ಅರಿತರೆ ಸಾಕು. ಘಟಪ್ರಭೆಯ ದಂಡೆಯ ಮಠಗಳಲ್ಲಿ ದಾಸೋಹ ಇಂದಿಗೂ ನಡೆಯುತ್ತಿದೆ. ಉಣ್ಣಲು ಕುಳಿತವನ ನಂಬಿಕೆ ಯಾವುದೆಂದು ಪಂಕ್ತಿಯಲ್ಲಿ ಕೇಳುವ ರೂಢಿಯಿಲ್ಲ. ಪ್ರಶ್ನೆ ಕೇಳುವವನಿಗೂ ಅದೇ ಪಂಕ್ತಿಯಲ್ಲಿ ಒಂದು ಎಲೆ ಇರಬೇಕು.