ಪ್ಲ್ಯಾಟ್ ರೋಜರ್ಸ್ ಸ್ಪೆನ್ಸರ್
ಪ್ಲ್ಯಾಟ್ ರೋಜರ್ಸ್ ಸ್ಪೆನ್ಸರ್ (ನವೆಂಬರ್ 7, 1800 – ಮೇ 16, 1864) ಅಮೆರಿಕದ ಬರವಣಿಗೆ ಶಿಕ್ಷಕರು ಹಾಗೂ ಸ್ಪೆನ್ಸೇರಿಯನ್ ಲಿಪಿಶೈಲಿಯ ಪ್ರವರ್ತಕರು.

ನ್ಯೂಯಾರ್ಕ್ ರಾಜ್ಯದಲ್ಲಿ ಜನಿಸಿದ ಇವರು ಬಾಲ್ಯದಲ್ಲಿಯೇ ಓಹಾಯೊ ರಾಜ್ಯಕ್ಕೆ ಬಂದರು. ಕಾಗದ ದುರ್ಲಭವಾಗಿದ್ದ ಅಲ್ಲಿ ಮರದ ತೊಗಟೆ, ಮರಳು ಮತ್ತು ಹಿಮದ ಮೇಲೆ ಅಕ್ಷರ ತಿದ್ದಿದರು. ಮದ್ಯವ್ಯಸನದಿಂದ ಬಿಡುಗಡೆ ಹೊಂದಿದ ಮೇಲೆ ಪಾನನಿರೋಧದ ಪ್ರತಿಪಾದಕರಾದರು. ಜಿನೀವಾ ಎಂಬ ಊರಿನಲ್ಲಿ ಮರದ ದಿಮ್ಮಿಗಳಿಂದ ಕಟ್ಟಿದ ಶಾಲೆಯೊಂದರಲ್ಲಿ ಬರವಣಿಗೆ ಕಲಿಸಿದರು.

ಅಂಡಾಕಾರದ ಬಾಗುಗಳು, ಬಲಕ್ಕೆ ವಾಲಿದ ಅಕ್ಷರಗಳು ಹಾಗೂ ಲೇಖನಿಯ ಒತ್ತಡದಿಂದ ದಪ್ಪವಾಗುವ ಗೆರೆಗಳು ಈ ಶೈಲಿಯ ಲಕ್ಷಣಗಳು. ಸ್ಪೆನ್ಸರ್ ಅವರ ನಿಧನಾನಂತರ ಪುತ್ರರು ಪಠ್ಯಪುಸ್ತಕಗಳ ಮೂಲಕ ಇದನ್ನು ಪ್ರಸಾರಗೊಳಿಸಿದರು. ಬೆರಳಚ್ಚು ಯಂತ್ರದ ಬಳಕೆ ಹೆಚ್ಚಿದಂತೆ ಕಚೇರಿಗಳಿಂದ ಮರೆಯಾದರೂ, ಈ ಶೈಲಿಯು ಕೋಕಾ-ಕೋಲಾ ಲಾಂಛನದಲ್ಲಿ ಮತ್ತು ಇದನ್ನು ಆಧರಿಸಿದ ಅಲಂಕಾರಿಕ ಫಾಂಟ್‌ಗಳಲ್ಲಿ ಉಳಿದುಕೊಂಡಿದೆ.