ಅಲೆಕ್ಸಿ ಡಿ ಟೋಕ್ವಿಲ್

ಅಲೆಕ್ಸಿ ಡಿ ಟೋಕ್ವಿಲ್ (29 ಜುಲೈ 1805 – 16 ಏಪ್ರಿಲ್ 1859) ಫ್ರಾನ್ಸಿನ ರಾಜಕೀಯ ಚಿಂತಕ, ಇತಿಹಾಸಕಾರ ಹಾಗೂ ರಾಜಕಾರಣಿ. 'ಅಮೆರಿಕದಲ್ಲಿ ಪ್ರಜಾಪ್ರಭುತ್ವ' ಎಂಬ ಗ್ರಂಥದಿಂದ ವಿಶ್ವವಿಖ್ಯಾತನಾದ. ಚುನಾವಣೆ, ಪತ್ರಿಕೆ, ನ್ಯಾಯಾಲಯಗಳೆಲ್ಲ ಇರುವ ದೇಶದಲ್ಲಿಯೂ ಬಹುಮತದ ಒತ್ತಡದಿಂದ ಮತ್ತು ಸರ್ಕಾರದ ಅತಿಯಾದ ಪೋಷಣೆಯಿಂದ ಸ್ವಾತಂತ್ರ್ಯವು ಸದ್ದಿಲ್ಲದೆ ಕ್ಷೀಣಿಸಬಹುದೆಂದು ವಿವರವಾಗಿ ತೋರಿಸಿದವರಲ್ಲಿ ಈತ ಪ್ರಮುಖ.

ಮನೆತನ ಮತ್ತು ವಿದ್ಯಾಭ್ಯಾಸ

ಟೋಕ್ವಿಲ್ ಪ್ಯಾರಿಸ್‌ನಲ್ಲಿ, ನಾರ್ಮಂಡಿ ಮೂಲದ ಹಳೆಯ ಕುಲೀನ ಮನೆತನದಲ್ಲಿ ಜನಿಸಿದ. ಈತನ ಮುತ್ತಜ್ಜ ಮಾಲ್ಷೆರ್ಬ್, ಪುಸ್ತಕ ಪ್ರಕಟಣೆಯ ಮೇಲ್ವಿಚಾರಕನಾಗಿದ್ದಾಗ ದಿದೆರೋನ ವಿಶ್ವಕೋಶಕ್ಕೆ ರಕ್ಷಣೆ ನೀಡಿದ್ದ. ಮುಂದೆ ಕ್ರಾಂತಿಯ ಕಾಲದಲ್ಲಿ 16ನೆಯ ಲೂಯಿಯ ಪರವಾಗಿ ವಾದಿಸಿದ. 1794ರಲ್ಲಿ ಆತನ ಶಿರಚ್ಛೇದವಾಯಿತು. ಸೆರೆಯಲ್ಲಿದ್ದ ಟೋಕ್ವಿಲ್‌ನ ತಂದೆತಾಯಿಯರು ರೋಬೆಸ್ಪಿಯರ್‌ನ ಪತನದಿಂದಾಗಿ ಬದುಕಿಕೊಂಡರು. ಅರಸರ ಪರವಾಗಿದ್ದ ಈ ಮನೆತನದಲ್ಲಿ ಬೆಳೆದರೂ, ಸಮಾನತೆಯ ಮುನ್ನಡೆಯನ್ನು ತಡೆಯುವುದು ಅಸಾಧ್ಯವೆಂದು ಟೋಕ್ವಿಲ್ ನಂಬಿದ್ದ. ಸಮಾನತೆಯೊಡನೆ ಸ್ವಾತಂತ್ರ್ಯವನ್ನು ಉಳಿಸಿಕೊಳ್ಳುವುದು ಹೇಗೆ ಎಂಬುದೇ ಈತನ ಜೀವಮಾನದ ಪ್ರಶ್ನೆಯಾಯಿತು.

ಪ್ಯಾರಿಸ್‌ನಲ್ಲಿ ಕಾನೂನು ವ್ಯಾಸಂಗ ಮಾಡಿ, 1827ರಲ್ಲಿ ವರ್ಸೇಲ್ಸ್‌ನ ನ್ಯಾಯಾಲಯದಲ್ಲಿ ಕಿರಿಯ ನ್ಯಾಯಾಧಿಕಾರಿಯಾಗಿ ಸೇರಿದ. 1835ರಲ್ಲಿ ಇಂಗ್ಲೆಂಡಿನ ಮೇರಿ ಮಾಟ್ಲಿಯನ್ನು ವಿವಾಹವಾದ.

ಅಮೆರಿಕ ಪ್ರವಾಸ

1830ರ ಜುಲೈ ಕ್ರಾಂತಿಯ ಅನಂತರ ಹೊಸ ಅರಸನಿಗೆ ನಿಷ್ಠೆಯ ಪ್ರಮಾಣ ಮಾಡಬೇಕಾಗಿ ಬಂದದ್ದು ಈತನಿಗೆ ಇರಿಸುಮುರಿಸು ಉಂಟುಮಾಡಿತು. ಕಾರಾಗೃಹ ವ್ಯವಸ್ಥೆಯನ್ನು ಅಧ್ಯಯನ ಮಾಡುವ ಸರ್ಕಾರಿ ಕಾರ್ಯಕ್ಕಾಗಿ 1831ರ ಏಪ್ರಿಲ್‌ನಲ್ಲಿ ಗೆಳೆಯ ಗುಸ್ತಾವ್ ಡಿ ಬೋಮಾನ್‌ನೊಡನೆ ಹಡಗು ಹತ್ತಿದ. ಇಬ್ಬರೂ ಸುಮಾರು ಒಂಬತ್ತು ತಿಂಗಳು ಅಮೆರಿಕವನ್ನು ಸುತ್ತಿದರು; ಫಿಲಡೆಲ್ಫಿಯದ ಸೆರೆಮನೆಯಲ್ಲಿ ಒಬ್ಬೊಬ್ಬ ಕೈದಿಯನ್ನೂ ಕಂಡು ಮಾತನಾಡಿಸಿದರು. ಕಾರಾಗೃಹಗಳ ವರದಿ 1833ರಲ್ಲಿ ಪ್ರಕಟವಾಯಿತು. 'ಅಮೆರಿಕದಲ್ಲಿ ಪ್ರಜಾಪ್ರಭುತ್ವ'ದ ಮೊದಲ ಭಾಗ 1835ರಲ್ಲಿಯೂ ಎರಡನೆಯದು 1840ರಲ್ಲಿಯೂ ಹೊರಬಂದವು. 1841ರಲ್ಲಿ ಈತ ಫ್ರೆಂಚ್ ಅಕಾಡೆಮಿಯ ಸದಸ್ಯನಾದ.

ಬಹುಮತದ ದಬ್ಬಾಳಿಕೆ

ಅರಸನ ಅಧಿಕಾರ ಮುಟ್ಟುವುದು ದೇಹವನ್ನು ಮಾತ್ರ. ಬಹುಮತದ ಅಧಿಕಾರ ಮನಸ್ಸಿನ ಒಳಗೂ ಇಳಿಯುತ್ತದೆ ಎಂಬುದು ಟೋಕ್ವಿಲ್‌ನ ಅಭಿಪ್ರಾಯ. ಬಹುಜನರಿಗೆ ಒಪ್ಪಿಗೆಯಾಗದ ಮಾತನ್ನಾಡಿದವನನ್ನು ಅಲ್ಲಿ ಯಾರೂ ಸೆರೆಗೆ ಹಾಕುವುದಿಲ್ಲ. ಆದರೆ ಆತನಿಗೆ ಅಧಿಕಾರದ ಬಾಗಿಲು ಮುಚ್ಚುತ್ತದೆ, ಜೊತೆಗಾರರು ದೂರ ಸರಿಯುತ್ತಾರೆ, ಕೊನೆಗೆ ಆತ ತಾನಾಗಿಯೇ ಮೌನಿಯಾಗುತ್ತಾನೆ.

ಇದಕ್ಕೆ ಈತ ನೀಡಿದ ನಿದರ್ಶನಗಳು ಗಮನಾರ್ಹ. 1812ರಲ್ಲಿ ಬಾಲ್ಟಿಮೋರ್‌ನ ಪತ್ರಿಕೆಯೊಂದು ಜನಪ್ರಿಯವಾಗಿದ್ದ ಯುದ್ಧವನ್ನು ವಿರೋಧಿಸಿತು. ಗುಂಪು ಮುದ್ರಣಾಲಯವನ್ನು ಧ್ವಂಸಮಾಡಿತು; ನಾಗರಿಕ ಸೇನೆಗೆ ಕರೆಹೋದರೂ ಅದು ಬರಲಿಲ್ಲ. ರಕ್ಷಣೆಗಾಗಿ ಸೆರೆಮನೆಯಲ್ಲಿ ಇರಿಸಿದ್ದ ಪತ್ರಕರ್ತರ ಮೇಲೆ ರಾತ್ರಿ ಮತ್ತೆ ದಾಳಿ ನಡೆದು ಒಬ್ಬ ಹತನಾದ. ಆರೋಪಿಗಳನ್ನು ಜ್ಯೂರಿ ಬಿಡುಗಡೆ ಮಾಡಿತು. ಪೆನ್ಸಿಲ್ವೇನಿಯದಲ್ಲಿ ಸ್ವತಂತ್ರರಾಗಿದ್ದ ಕಪ್ಪು ಜನರಿಗೆ ಆಗ ಕಾನೂನಿನಂತೆ ಮತದಾನದ ಹಕ್ಕಿತ್ತು. ಆದರೂ ಹಲ್ಲೆಯ ಭಯದಿಂದ ಅವರು ಮತಗಟ್ಟೆಗೆ ಬರುತ್ತಿರಲಿಲ್ಲ. ಬಹುಮತವು ಒಪ್ಪದ ಕಾನೂನನ್ನು ಜಾರಿಗೆ ತರುವ ಶಕ್ತಿ ಅಧಿಕಾರಿಗಳಿಗೆ ಇರಲಿಲ್ಲವೆಂಬುದನ್ನು ಇವು ತೋರಿಸುತ್ತವೆ.

ಮೃದು ನಿರಂಕುಶತ್ವ

ಗ್ರಂಥದ ಎರಡನೆಯ ಭಾಗದಲ್ಲಿ ಇನ್ನೊಂದು ಅಪಾಯದ ಚಿತ್ರಣವಿದೆ. ಜನ ತಮ್ಮ ಸಂಸಾರ, ಸಂಪಾದನೆಗಳಲ್ಲೇ ಮಗ್ನರಾಗಿ ಸಾರ್ವಜನಿಕ ಕಾರ್ಯಗಳಿಂದ ವಿಮುಖರಾದಾಗ, ಸರ್ಕಾರ ಅವರ ಪರವಾಗಿ ಎಲ್ಲವನ್ನೂ ನೋಡಿಕೊಳ್ಳತೊಡಗುತ್ತದೆ. ಅದು ಕ್ರೂರವಲ್ಲ, ಬೆಳೆದ ಮಕ್ಕಳನ್ನೂ ಕೂಸುಗಳಂತೆಯೇ ಸಾಕಬಯಸುವ ಪೋಷಕನಂಥದು. ಸಣ್ಣಪುಟ್ಟ ನಿಯಮಗಳ ಬಲೆಯಲ್ಲಿ ಸ್ವಂತ ನಿರ್ಧಾರದ ಅಭ್ಯಾಸ ತಪ್ಪಿಹೋಗುತ್ತದೆ. ಕೆಲವು ವರ್ಷಗಳಿಗೊಮ್ಮೆ ಮತ ಹಾಕುವುದರಿಂದ ಜನ ತಾವು ಸ್ವತಂತ್ರರೆಂದೇ ಭಾವಿಸುತ್ತಾರೆ. ಈ ಸ್ಥಿತಿಗೆ ತಕ್ಕ ಹೆಸರು ಈತನಿಗೆ ದೊರೆಯಲಿಲ್ಲ. 'ಮೃದು ನಿರಂಕುಶತ್ವ' ಎಂಬುದು ಅನಂತರದವರು ಬಳಸಿದ ಹೆಸರು. ಸ್ಥಳೀಯ ಸ್ವಯಮಾಡಳಿತ, ಸಂಘಸಂಸ್ಥೆಗಳು, ಸ್ವತಂತ್ರ ಪತ್ರಿಕೆ ಹಾಗೂ ಜ್ಯೂರಿ ಪದ್ಧತಿ ಇದಕ್ಕೆ ಪರಿಹಾರವೆಂದು ಈತ ಸೂಚಿಸಿದ.

ರಾಜಕೀಯ ಜೀವನ

1839ರಲ್ಲಿ ಶಾಸನಸಭೆಗೆ ಆಯ್ಕೆಯಾದ ಟೋಕ್ವಿಲ್, ಫ್ರೆಂಚ್ ವಸಾಹತುಗಳಲ್ಲಿ ಗುಲಾಮಗಿರಿಯ ನಿರ್ಮೂಲನೆಗಾಗಿ ವರದಿ ಮಂಡಿಸಿದ. 1849ರಲ್ಲಿ ಕೆಲವು ತಿಂಗಳು ವಿದೇಶಾಂಗ ಮಂತ್ರಿಯಾಗಿದ್ದ. 1851ರ ಡಿಸೆಂಬರ್ 2ರಂದು ಅಧ್ಯಕ್ಷ ಲೂಯಿ ನೆಪೋಲಿಯನ್ ಶಾಸನಸಭೆಯನ್ನು ವಿಸರ್ಜಿಸಿ ಅಧಿಕಾರವನ್ನು ಕಸಿದುಕೊಂಡಾಗ ಪ್ರತಿಭಟಿಸಿ ಬಂಧಿತನಾದ. ಬಿಡುಗಡೆಯ ಅನಂತರ ಈತ ಬರೆದ ಘಟನಾವಳಿಯ ವಿವರಣೆ ಹೆಸರಿಲ್ಲದೆ ಲಂಡನ್ನಿನ 'ಟೈಮ್ಸ್' ಪತ್ರಿಕೆಯಲ್ಲಿ ಅಚ್ಚಾಯಿತು. ಅದೇ ತಿಂಗಳು ನಡೆದ ಜನಮತಗಣನೆಯಲ್ಲಿ 70 ಲಕ್ಷಕ್ಕೂ ಹೆಚ್ಚು ಮತಗಳು ಲೂಯಿ ನೆಪೋಲಿಯನ್ನನ ಪರವಾಗಿ ಬಿದ್ದವು. ಮತದಾನವೊಂದರಿಂದಲೇ ಸ್ವಾತಂತ್ರ್ಯ ಉಳಿಯದೆಂಬ ಈತನ ಎಚ್ಚರಿಕೆ ಸ್ವದೇಶದಲ್ಲಿಯೇ ನಿಜವಾಯಿತು. ಟೋಕ್ವಿಲ್ ರಾಜಕೀಯದಿಂದ ನಿವೃತ್ತನಾದ.

1856ರಲ್ಲಿ ಪ್ರಕಟವಾದ 'ಹಳೆಯ ವ್ಯವಸ್ಥೆ ಮತ್ತು ಕ್ರಾಂತಿ' ಎಂಬ ಕೃತಿಯಲ್ಲಿ, ಆಡಳಿತದ ಕೇಂದ್ರೀಕರಣ ಕ್ರಾಂತಿಗಿಂತ ಮೊದಲೇ ಬೇರೂರಿತ್ತೆಂದು ಪ್ರತಿಪಾದಿಸಿದ. ಗಾಳಿಗೆ ಕೆಟ್ಟ ಹಳ್ಳಿಯ ಚರ್ಚಿನ ಚಾವಣಿಯನ್ನು ಸರಿಪಡಿಸಲೂ ಅರಸನ ಮಂಡಳಿಯ ಆದೇಶ ಬೇಕಾಗಿತ್ತೆಂದು ಈತ ದಾಖಲಿಸಿದ್ದಾನೆ.

ವಿಮರ್ಶೆ

ಸ್ವಾತಂತ್ರ್ಯದ ಈ ಪ್ರತಿಪಾದಕ ಅಲ್ಜೀರಿಯದಲ್ಲಿ ಫ್ರಾನ್ಸಿನ ವಸಾಹತುಶಾಹಿಯನ್ನು ಬೆಂಬಲಿಸಿದ. ಅಲ್ಲಿ ಬೆಳೆಗಳನ್ನು ಸುಡುವಂಥ ಯುದ್ಧಕ್ರಮಗಳನ್ನೂ ಸಮರ್ಥಿಸಿದ. ಈತನ ಚಿಂತನೆಯ ದೊಡ್ಡ ಕೊರತೆಯೆಂದು ವಿಮರ್ಶಕರು ಇದನ್ನು ಗುರುತಿಸುತ್ತಾರೆ. ಭಾರತದಲ್ಲಿನ ಬ್ರಿಟಿಷ್ ಆಡಳಿತದ ಬಗೆಗೂ ಗ್ರಂಥ ಬರೆಯಲು ಟಿಪ್ಪಣಿ ಸಿದ್ಧಪಡಿಸಿದ್ದನಾದರೂ ಅದು ಪೂರ್ಣಗೊಳ್ಳಲಿಲ್ಲ.

ನಿಧನ ಮತ್ತು ಪ್ರಭಾವ

ಕ್ಷಯರೋಗದಿಂದ ಬಳಲುತ್ತಿದ್ದ ಟೋಕ್ವಿಲ್ 1859ರಲ್ಲಿ ಕಾನ್ ನಗರದಲ್ಲಿ ನಿಧನನಾದ. ಈತನ ಗ್ರಂಥದ ಎರಡೂ ಭಾಗಗಳನ್ನು ವಿಮರ್ಶಿಸಿದ್ದ ಜಾನ್ ಸ್ಟುವರ್ಟ್ ಮಿಲ್, ಅದೇ ವರ್ಷ ಪ್ರಕಟಿಸಿದ ಸ್ವಾತಂತ್ರ್ಯ ಕುರಿತ ಪ್ರಬಂಧದಲ್ಲಿ ಬಹುಮತದ ದಬ್ಬಾಳಿಕೆಯ ವಿಚಾರವನ್ನು ಮುಂದುವರಿಸಿದ. ಟೋಕ್ವಿಲ್‌ನ 1848ರ ಕ್ರಾಂತಿಯ ನೆನಪುಗಳು 1893ರಲ್ಲಿ ಪ್ರಕಟವಾದವು.