ಹರ್ಮನ್ ಆನಂದರಾವ್ ಕೌಂಡಿನ್ಯರೂ ಗ್ರೀಕ್ ವ್ಯಾಸಂಗವೂ

ಯಾದಗಿರಿ, ಶಹಾಪುರ, ಸುರಪುರ ಸೀಮೆಗಳ ನಮ್ಮ ಸಭೆಗಳಲ್ಲಿ ಓದಲ್ಪಡುವ ಹೊಸ ಒಡಂಬಡಿಕೆಯು ಮೊದಲು ಬರೆಯಲ್ಪಟ್ಟದ್ದು ಗ್ರೀಕ್ ಭಾಷೆಯಲ್ಲೆಂದು ನೀವು ಕೇಳಿದ್ದೀರಿ. ಆ ಮೂಲವನ್ನು ಓದಲು ಕಲಿತ ಕನ್ನಡ ನಾಡಿನವರೊಳಗೆ ಮೊದಮೊದಲಿಗರಲ್ಲಿ ಒಬ್ಬರು ಮಂಗಳೂರಿನ ಕೌಂಡಿನ್ಯರು.

1825ರಲ್ಲಿ ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ ಆನಂದರಾಯರು ಹುಟ್ಟಿದರು. ಎಳೆಯ ಪ್ರಾಯದಲ್ಲಿ ಬಾಸೆಲ್ ಮಿಷನಿನ ಹರ್ಮನ್ ಮೋಗ್ಲಿಂಗರ ಪರಿಚಯವಾಯಿತು. 1844ರ ಜನವರಿಯಲ್ಲಿ ಇಬ್ಬರು ಮಿತ್ರರೊಡನೆ ದೀಕ್ಷಾಸ್ನಾನ ಹೊಂದಿ, ಗುರುವಿನ ಹರ್ಮನ್ ಎಂಬ ಹೆಸರನ್ನೇ ಧರಿಸಿದರು. ಪತ್ನಿಯು ಅವರೊಡನೆ ಬರಲಿಲ್ಲ. ಜಾತಿಯನ್ನು ಕಳಕೊಂಡವನಿಗೆ ಮನೆಯ ಬಾಗಿಲು ಹೇಗೆ ಮುಚ್ಚುವುದೆಂದು ನಮ್ಮಲ್ಲಿ ಅನೇಕರು ಬಲ್ಲರಾದ ಕಾರಣ ಅದನ್ನು ವಿಸ್ತರಿಸೆನು.

1846ರಲ್ಲಿ ಮೋಗ್ಲಿಂಗರು ಸ್ವದೇಶಕ್ಕೆ ಹೋದಾಗ ಕೌಂಡಿನ್ಯರನ್ನೂ ಕರೆದೊಯ್ದರು. ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದ ಮಿಷನ್ ಶಾಲೆಯಲ್ಲಿ ಅವರು 1851ರ ವರೆಗೆ ಓದಿದರು. ಅಲ್ಲಿ ಗ್ರೀಕ್ ಭಾಷೆಯನ್ನು ಕಲಿಸುತ್ತಿದ್ದದ್ದು ಜರ್ಮನ್ ಮಾತಿನಿಂದ. ಪರಭಾಷೆಯೊಂದನ್ನು ಇನ್ನೊಂದು ಪರಭಾಷೆಯ ಮೂಲಕ ಕಲಿಯುವ ಕಷ್ಟವನ್ನು ಊಹಿಸಿರಿ! ಗ್ರೀಕಿಗೆ ಅಕ್ಷರಗಳು 24 ಮಾತ್ರ. ಅವು ಕೆಲವು ದಿನಗಳ ಕೆಲಸ. ಕ್ರಿಯಾಪದದ ರೂಪಗಳೋ ನೂರಾರು. ಅವುಗಳಿಗೆ ವರುಷಗಳು ಬೇಕು.

ಆದರೂ ನಮ್ಮ ದೇಶದವನಿಗೆ ಆ ಭಾಷೆಯು ಪೂರ್ತಿ ಅಪರಿಚಿತವಲ್ಲ. ಪಿತೃವಿಗೆ ಗ್ರೀಕರು ಪತೇರ್ ಎಂದರು, ನಾಮಕ್ಕೆ ಒನೊಮ, ದಶಕ್ಕೆ ದೆಕ. ಸಂಸ್ಕೃತವೂ ಗ್ರೀಕೂ ಒಂದೇ ಬುಡದ ಕೊಂಬೆಗಳು. ಕನ್ನಡವು ಬೇರೆ ಕುಲದ್ದಾದರೂ ವಾಕ್ಯದ ನಡೆಯಲ್ಲಿ ಹತ್ತಿರ ಬರುವುದು. ಯಾರು ಯಾರಿಗೆ ಕೊಟ್ಟರೆಂಬುದನ್ನು ನಮ್ಮಂತೆಯೇ ಗ್ರೀಕರೂ ವಿಭಕ್ತಿಯಿಂದ ತಿಳಿಸುವರು. ಎದ್ದು, ಹೊರಟು, ಬಂದನು ಎಂದು ನಾವು ಸರಾಗವಾಗಿ ಹೇಳುವಂತೆ ಅವರೂ ಕೃದಂತಗಳನ್ನು ಪೋಣಿಸುವರು. ಇಂಥ ಕಡೆ ಕನ್ನಡ ಬಲ್ಲವನಿಗೆ ಜರ್ಮನಿಯ ಸಹಪಾಠಿಗಿಂತ ದಾರಿ ಸುಲಭವೆಂದೇ ನನ್ನ ಎಣಿಕೆ.

ಸುವಾರ್ತೆಗಳ ಗದ್ಯವೂ ಒಂದೇ ಬಗೆಯದಲ್ಲ. ಮಾರ್ಕನು ಕೈ ಎಂಬ ಚಿಕ್ಕ ಮಾತಿನಿಂದ ವಾಕ್ಯಗಳನ್ನು ಕಟ್ಟುತ್ತ ಹೋಗುವನು. ಅದು ನಮ್ಮ ಕೈಯಲ್ಲ, ಮತ್ತು ಎಂದರ್ಥ. ಲೂಕನಾದರೋ ಮೊದಲ ನಾಲ್ಕು ವಚನಗಳನ್ನು ಒಂದೇ ಉದ್ದ ವಾಕ್ಯವಾಗಿ ಬರೆದನು. ಈ ಗ್ರೀಕು ಹಳೆಯ ಅಥೇನೆಯ ಪಂಡಿತರದಕ್ಕಿಂತ ಬೇರೆಯಾಗಿರುವುದೇಕೆಂಬುದು ಕೌಂಡಿನ್ಯರ ವಿದ್ಯಾರ್ಥಿ ಕಾಲದಲ್ಲಿ ಸರಿಯಾಗಿ ತಿಳಿದಿರಲಿಲ್ಲ. 19ನೆಯ ಶತಮಾನದ ಕೊನೆಗೆ ಐಗುಪ್ತದ ಮರಳಿನಿಂದ ಅಗೆದು ತೆಗೆದ ಕಾಗದಪತ್ರಗಳು, ರಸೀದಿಗಳು ಅದನ್ನು ತೋರಿಸಿದವು: ಅದು ಸಂತೆಯಲ್ಲಿ ವ್ಯಾಪಾರ ಮಾಡುವವರ, ದೂರದ ಮಗನಿಗೆ ಓಲೆ ಬರೆಸುವವರ ಆಡುಮಾತು.

1851ರಲ್ಲಿ ಅಭಿಷೇಕ ಹೊಂದಿ ಕೌಂಡಿನ್ಯರು ಮಂಗಳೂರಿಗೆ ಮರಳಿ, ಉಪದೇಶಿಗಳನ್ನು ಸಿದ್ಧಪಡಿಸುವ ಶಾಲೆಯಲ್ಲಿ ಬೋಧಕರಾದರು. ಆಗ ಕನ್ನಡ ಬೈಬಲು ಇತ್ತು. ಬಳ್ಳಾರಿಯ ಜಾನ್ ಹ್ಯಾಂಡ್ಸರೂ ಜೊತೆಗಾರರೂ 1831ರೊಳಗೆ ಅದನ್ನು ಮುಗಿಸಿದ್ದರು. ಆದರೆ ಅನುವಾದದ ಮಾತು ಸಂದೇಹಕ್ಕೆ ಬಂದಾಗ ಮೂಲವನ್ನು ನೋಡಿ ಹೇಳಬಲ್ಲವರು ಅದುವರೆಗೆ ವಿದೇಶಿಯರೇ ಆಗಿದ್ದರು. ಈಗ ನಾಡಿನವನೊಬ್ಬನು ಆ ಪೀಠದಲ್ಲಿ ನಿಂತನು. ಇದು ಸಣ್ಣ ಸಂಗತಿಯಲ್ಲ.

ಇಷ್ಟು ಓದಿದವರು ಪುಸ್ತಕಗಳ ನಡುವೆಯೇ ಉಳಿಯಲಿಲ್ಲ. ಕೊಡಗಿನ ಗದ್ದೆಗಳಲ್ಲಿ ಜೀತಕ್ಕಿದ್ದ ದೀನರು ಸಭೆಗೆ ಸೇರಿದಾಗ, ಅವರಿಗೆ ನೆಲೆಯಾಗಲೆಂದು ಸ್ವಂತ ಹಣವನ್ನು ಹಾಕಿ ಅಮ್ಮತ್ತಿಯ ಬಳಿ ಭೂಮಿಯನ್ನು ಕೊಂಡರು. ಅಲ್ಲಿ ಕಾಫಿಯ ತೋಟವೂ ಊರೂ ಎದ್ದವು. ಕೌಂಡಿನ್ಯರು 1893ರಲ್ಲಿ ತೀರಿಕೊಂಡರು. ಆ ಊರಿಗೆ ಇಂದೂ ಅವರ ಹೆಸರೇ ಇದೆ: ಆನಂದಪುರ.